ನೆಗ್ಗಿಲ ಎಲೆಯ ಪರೀಕ್ಷೆ

ಗಜೇಂದ್ರಗಡದ ಸೀಮೆಗೆ ಸೇರಿದ ರಾಜೂರಿನಂತಹ ಊರುಗಳ ಹೊಲದ ಬದುಗಳಲ್ಲಿ, ನೆಲಕ್ಕಂಟಿಕೊಂಡು ಹಬ್ಬಿ, ಹಳದಿಯ ಪುಟ್ಟ ಹೂವನ್ನೂ ಬರಿಗಾಲಿನವರು ಬೆದರುವ ಮುಳ್ಳುಗಾಯಿಯನ್ನೂ ತಳೆಯುವ ನೆಗ್ಗಿಲು, ಸಂಸ್ಕೃತದ ವೈದ್ಯಗ್ರಂಥಗಳಲ್ಲಿ ಗೋಕ್ಷುರವೆಂದೂ ಶ್ವದಂಷ್ಟ್ರವೆಂದೂ ಮಾನ್ಯತೆ ಪಡೆದಿದೆ. ಚರಕಸಂಹಿತೆಯು ಮೂತ್ರವಿರೇಚನೀಯವೆಂದು, ಎಂದರೆ ಮೂತ್ರವನ್ನು ಹೆಚ್ಚಿಸುವುದೆಂದು, ಎಣಿಸಿದ ಹತ್ತು ದ್ರವ್ಯಗಳಲ್ಲಿ ಅದೂ ಒಂದು. ಆದರೆ ವೈದ್ಯರು ಪ್ರಧಾನವಾಗಿ ಬಳಸುತ್ತ ಬಂದುದು ಅದರ ಕಾಯಿಯನ್ನು, ಹತ್ತು ಬೇರುಗಳ ಯೋಗವಾದ ದಶಮೂಲದಲ್ಲಿ ಬೇರನ್ನು. ಆದಕಾರಣ ಕಾಯಿಗೆ ಸಂದ ಕೀರ್ತಿಯನ್ನು ಎಲೆಗೆ ಆರೋಪಿಸುವವರು ಎಲೆಯನ್ನೇ ಪ್ರತ್ಯೇಕವಾಗಿ ಪರೀಕ್ಷಿಸಿ ತೋರಿಸತಕ್ಕದ್ದು.

ಎಲೆಯನ್ನೂ ಒಳಗೊಂಡ ಪ್ರಯತ್ನಗಳಲ್ಲಿ 2003ರಲ್ಲಿ ಪ್ರಕಟವಾದ ಒಂದು ಪ್ರಬಂಧವು ಗಮನಾರ್ಹವಾದುದು. ಎಲೆ ಕಾಯಿಗಳೆರಡರ ಜಲಸಾರವನ್ನು ಇಲಿಗಳಿಗೆ ಕಿಲೋ ತೂಕಕ್ಕೆ 5 ಗ್ರಾಂನಂತೆ ಕುಡಿಸಲು, ಫ್ಯುರೊಸಮೈಡ್ ಎಂಬ ಪ್ರಸಿದ್ಧ ಮೂತ್ರವರ್ಧಕ ಔಷಧಕ್ಕಿಂತಲೂ ತುಸು ಅಧಿಕವಾಗಿ ಮೂತ್ರ ಹೊರಟಿತು. ಅದರಲ್ಲಿ ಸೋಡಿಯಂ, ಕ್ಲೋರೈಡ್‌ಗಳೂ ಹೆಚ್ಚಿದ್ದುವು. ಬರಿಯ ನೀರನ್ನಳೆದು ತೃಪ್ತರಾಗದೆ ಲವಣವನ್ನೂ ಅಳೆದುದು ಶ್ಲಾಘ್ಯ. ಏಕೆಂದರೆ ಸೋಡಿಯಂ ಹೊರಹೋಗದೆ ಬಾವು ಇಳಿಯದು. ಇಂತಹ ಪರೀಕ್ಷೆಗಳಿಗೆಂದು ಲಿಪ್‌ಶಿಟ್ಜ್ ಎಂಬವರು 1943ರಲ್ಲಿ ರೂಪಿಸಿದ ಪದ್ಧತಿಯಲ್ಲಿ, ಇಲಿಗಳಿಗೆ ಉಪ್ಪುನೀರನ್ನು ಕುಡಿಸಿ, 5 ಗಂಟೆಗಳ ಮೂತ್ರವನ್ನು ಸಂಗ್ರಹಿಸಿ, ಯೂರಿಯದ ಫಲದೊಡನೆ ಹೋಲಿಸುವರು; ಕ್ರಮವು ಸರಳ, ಪ್ರಾಮಾಣಿಕ, ಆದರೆ ಸಂಕುಚಿತ.

ಪ್ರಮಾಣವನ್ನು ಕುರಿತು ನನಗೆ ಗಂಭೀರವಾದ ಆಕ್ಷೇಪವುಂಟು. ದೇಹದ ಮೇಲ್ಮೈಯ ಲೆಕ್ಕದಂತೆ ಇಲಿಯ ಪ್ರಮಾಣವನ್ನು ಸುಮಾರು 6ರಿಂದ ಭಾಗಿಸಿದರೆ, 60 ಕಿಲೋ ತೂಕದ ಮನುಷ್ಯನಿಗೆ 50 ಗ್ರಾಂನಷ್ಟು ಸಾರ ಬೇಕಾಗುವುದು. ಗೋಕ್ಷುರದ ಕಾಯಿಯ ಪುಡಿಯ ವಾಡಿಕೆಯ ಪ್ರಮಾಣವೋ 3ರಿಂದ 6 ಗ್ರಾಂ ಮಾತ್ರ. ಮನೆಯಲ್ಲಿ ಕುದಿಸಿದ ಕಷಾಯಕ್ಕೂ ಪ್ರಯೋಗಶಾಲೆಯ ಸಾರಕ್ಕೂ ಇರುವ ಈ ಅಂತರವನ್ನು ತುಂಬದೆ ಪರಂಪರೆಯು ಸಿದ್ಧವಾಯಿತೆಂದು ಸಾರುವುದು ಆತುರದ ತೀರ್ಮಾನ. ಹಸುರೆಲೆಗಳಲ್ಲಿ ಪೊಟ್ಯಾಸಿಯಂ ಲವಣಗಳು ಸಹಜವಾಗಿಯೇ ಇರುವುದರಿಂದ, ಮೂತ್ರವನ್ನು ಹೆಚ್ಚಿಸಿದ್ದು ಗಿಡದ ವಿಶೇಷ ಸತ್ತ್ವವೋ ಆ ಲವಣವೋ ಎಂಬುದನ್ನು, ಲವಣಗಳಷ್ಟೇ ಉಳಿಯುವ ಎಲೆಯ ಬೂದಿಯನ್ನು ಇಲಿಗಳ ಬೇರೊಂದು ಗುಂಪಿಗೆ ಕೊಟ್ಟಲ್ಲದೆ ಅರಿಯಲಾಗದು. ಮೂತ್ರಪಿಂಡ ಸೋತವನಿಗೆ ಅದೇ ಪೊಟ್ಯಾಸಿಯಂ ಹೃದಯದ ಗತಿಯನ್ನೇ ಕೆಡಿಸಬಲ್ಲುದು.

ಎಲೆಯು ನಿರಪಾಯವೆಂಬ ಮಾತು ಇದಕ್ಕಿಂತಲೂ ದುರ್ಬಲವಾದ ಆಧಾರದ ಮೇಲೆ ನಿಂತಿರುವುದುಂಟು. ಕಿಲೋಗೆ 2000 ಮಿಲಿಗ್ರಾಂ ಒಮ್ಮೆ ಕೊಟ್ಟು, 14 ದಿನ ನೋಡಿ, ಇಲಿ ಸಾಯಲಿಲ್ಲವೆಂಬುದರಿಂದ ತಿಂಗಳುಗಟ್ಟಲೆ ಕುಡಿಯುವವನ ಯಕೃತ್ತಿಗೆ ಅಭಯ ಸಿಕ್ಕದು. ದಕ್ಷಿಣ ಆಫ್ರಿಕದಲ್ಲಿ ಇದೇ ಗಿಡವನ್ನು ಮೇದ ಕುರಿಗಳ ಯಕೃತ್ತು ಕೆಟ್ಟು, ಬಿಸಿಲು ತಾಳದೆ ಮುಖ ಬಾತು, ಮೈ ಹಳದಿಯಾಗಿ ಸಾಯುವ ರೋಗವು ಪ್ರಸಿದ್ಧವಾಗಿದೆ. ಗಿಡದ ಸ್ಯಾಪೊನಿನ್‌ಗಳು ಅದರ ಮುಖ್ಯ ಹೇತುವೆಂದು ತಿಳಿದುಬಂದಿದೆ. ಕುರಿ ಕಾಯುವವರ ನಮ್ಮ ಈ ನಾಡಿನಲ್ಲಿ ಆ ಸಂಗತಿಯನ್ನು ಎಲೆಯ ಪರೀಕ್ಷಕರು ಮೊದಲ ಪುಟದಲ್ಲಿಯೇ ಬರೆಯಬೇಕು.

ರಾಜೂರಿನ ಗುರುಹಿರಿಯರಲ್ಲಿ ನನ್ನ ಅರಿಕೆಯಿಷ್ಟೆ: ಕಾಲು ಬಾತಾಗ ಎಲೆಯ ಕಷಾಯಕ್ಕಿಂತ ಮೊದಲು ಹೃದಯ, ಯಕೃತ್ತು, ಮೂತ್ರಪಿಂಡಗಳನ್ನು ಪರೀಕ್ಷೆ ಮಾಡಿಸಿರಿ, ಮೂತ್ರದ ಮಾತ್ರೆಯನ್ನು ಸೇವಿಸುತ್ತಿರುವವರು ನೆಗ್ಗಿಲನ್ನು ಕುಡಿಯುತ್ತಿದ್ದರೆ ಅದನ್ನು ವೈದ್ಯರಿಂದ ಮುಚ್ಚಿಡದಿರಿ.