ಕಾಟಾಚಾರದ ಚಿತ್ರಗಳು

ದಿನಕ್ಕೊಂದು ಫೋಟೊ ತೆಗೆಯುವ ಸವಾಲು ಈಗ ನಮ್ಮ ವಲಸೆ ಮನೆಗಳಿಗೂ ಬಂದಿದೆ. ಜನವರಿ ಒಂದರಿಂದ ಡಿಸೆಂಬರ್ ಮೂವತ್ತೊಂದರ ತನಕ ದಿನಕ್ಕೆ ಒಂದೇ ಚಿತ್ರ, ಮನೆಯವರದ್ದೋ ಮನೆಯದ್ದೋ ಆಗಿರಬೇಕು, ಒಂದು ದಿನವೂ ತಪ್ಪಬಾರದು. ಇದನ್ನು ಹವ್ಯಾಸ ಎಂದು ಪಕ್ಕಕ್ಕಿಡುವವರೇ ಹೆಚ್ಚು. ಕಥೆ, ಕವಿತೆಗಳನ್ನು ಓದುವ ಹಾಗೆ ಇದನ್ನೂ ಓದಬಹುದೇ ಎಂಬ ಕುತೂಹಲ ನನ್ನದು. ನನ್ನ ಮುಂದಿರುವುದು ನರೋಡಾದ ಒಂದು ಕನ್ನಡ ಮನೆಯ ಒಂದು ವರ್ಷ. ಹಾವೇರಿ ಕಡೆಯವರು. ಗಂಡ ಇಲ್ಲಿನ ಜಿಐಡಿಸಿಯ ಬಣ್ಣದ ಕಾರ್ಖಾನೆಯೊಂದರಲ್ಲಿ ಶಿಫ್ಟ್ ನೋಡಿಕೊಳ್ಳುತ್ತಾರೆ, ಹೆಂಡತಿ ಮನೆಯಲ್ಲೇ ಟ್ಯೂಷನ್ ಹೇಳುತ್ತಾರೆ, ಇಬ್ಬರು ಮಕ್ಕಳು. ಚಿತ್ರ ತೆಗೆದವರು ಆಕೆ. ಹೆಸರು ಬೇಡ ಎಂದಿದ್ದಾರೆ.

ಮೊದಲ ಸಲ ನೋಡಿದಾಗ ಬೇಸರವಾಯಿತು. ಚಿತ್ರಗಳು ಚೆನ್ನಾಗಿಲ್ಲ ಎಂದಲ್ಲ, ಬಹಳಷ್ಟು ಒಂದೇ ಥರ ಚೆನ್ನಾಗಿವೆ ಎಂದು. ಕಿಟಕಿಯ ಬೆಳಕಿನಲ್ಲಿ ಕಾಫಿ ಲೋಟ, ಹಬೆಯ ಹಿಂದೆ ಮಸುಕಾದ ಮುಖ, ಹೋಂವರ್ಕ್ ಪುಸ್ತಕದ ಮೇಲೆ ಬಿದ್ದ ಜಡೆಯ ನೆರಳು, ಅಂಗೈಯಲ್ಲಿ ಮಲ್ಲಿಗೆ ಮೊಗ್ಗು. ಇಂಥ ಸವಾಲುಗಳ ಜೊತೆ ವಾರಕ್ಕೊಂದು ವಿಷಯದ ಪಟ್ಟಿಯೂ ಬರುತ್ತದೆ: ಬೆಳಕು, ಕೈಗಳು, ಬಾಗಿಲು, ಕೆಂಪು. ಪಟ್ಟಿ ಮಾಡಿದವರು ಯಾವ ದೇಶದವರೋ! ಅಕ್ಟೋಬರಿಗೆ ‘ಉದುರಿದ ಎಲೆ’ ಎಂದಿತ್ತಂತೆ. ಅಹಮದಾಬಾದಿನ ಅಕ್ಟೋಬರಿನಲ್ಲಿ ಉದುರುವುದು ಬೆವರು ಮಾತ್ರ. ಆಕೆ ಒಣಗಿದ ಕರಿಬೇವಿನ ಎಲೆಯೊಂದನ್ನು ಬಿಳಿ ತಟ್ಟೆಯ ಮೇಲಿಟ್ಟು ತೆಗೆದಿದ್ದಾರೆ. ಜಾಣ ಚಿತ್ರವೇ. ಆದರೆ ಅದು ಪಟ್ಟಿಗೆ ಕೊಟ್ಟ ಉತ್ತರ, ಮನೆಯನ್ನು ನೋಡಿದ್ದಲ್ಲ.

ಇನ್ನೊಂದು ಕಾರಣವೂ ಇದೆ. ಈ ಚಿತ್ರಗಳು ದಿನಾ ರಾತ್ರಿ ಬಂಧುಗಳ ವಾಟ್ಸಾಪ್ ಗುಂಪಿಗೆ ಹೋಗುತ್ತವೆ, ಹಾವೇರಿಗೆ, ಹುಬ್ಬಳ್ಳಿಗೆ, ಪುಣೆಗೆ. ಅಲ್ಲಿ ಅತ್ತೆ ನೋಡುತ್ತಾರೆ, ಅಣ್ಣ ನೋಡುತ್ತಾನೆ. ಹಳೆಯ ಇನ್‌ಲ್ಯಾಂಡ್ ಪತ್ರಗಳನ್ನು ಕಂಡವರಿಗೆ ಇದರ ವಂಶ ತಿಳಿಯುತ್ತದೆ. ಉಭಯಕುಶಲೋಪರಿ ಸಾಂಪ್ರತ, ನಾವೆಲ್ಲ ಇಲ್ಲಿ ಕ್ಷೇಮ. ಆ ಸಾಲು ಬರೆಯದೆ ಪತ್ರ ಶುರುವಾಗುತ್ತಿರಲಿಲ್ಲ. ಸಾಲದ ವಿಷಯ, ಕಾಯಿಲೆಯ ವಿಷಯ ಬರುತ್ತಿದ್ದದ್ದು ಸಹಿ ಮಾಡಿದ ಮೇಲೆ, ಅಂಟಿಸುವ ಮಡಿಕೆಯ ಅಂಚಿನಲ್ಲಿ, ಸಣ್ಣಕ್ಷರದಲ್ಲಿ. ಮಲ್ಲಿಗೆ ಮೊಗ್ಗು, ಕಾಫಿ ಲೋಟಗಳೆಲ್ಲ ನಮ್ಮ ಕಾಲದ ‘ಇಲ್ಲಿ ಕ್ಷೇಮ’. ಊರು ಬಿಟ್ಟು ಬಂದದ್ದು ತಪ್ಪಾಗಲಿಲ್ಲ ಎಂದು ಊರಿಗೆ ದಿನವೂ ಕಳಿಸುವ ಸಾಕ್ಷಿ. ಅದರಲ್ಲಿ ಸುಳ್ಳಿಲ್ಲ. ಆದರೆ ಅಂಚು ಎಲ್ಲಿದೆ ಎಂದು ಹುಡುಕಬೇಕಾಯಿತು.

ಹುಡುಕುವ ಮುನ್ನ ಈ ಪ್ರಕಾರದ ಹಿರಿಯನೊಬ್ಬನ ಬಗ್ಗೆ ಹೇಳಬೇಕು. ಅಮೆರಿಕದ ಜೇಮಿ ಲಿವಿಂಗ್‌ಸ್ಟನ್ 1979ರ ಮಾರ್ಚ್ 31ರಂದು, ಇನ್ನೂ ವಿದ್ಯಾರ್ಥಿಯಾಗಿದ್ದಾಗ, ದಿನಕ್ಕೊಂದು ಪೋಲರಾಯ್ಡ್ ತೆಗೆಯಲು ಶುರುಮಾಡಿದ. ಅವನ ಕೈಯಲ್ಲಿದ್ದ ಎಸ್‌ಎಕ್ಸ್-70 ಕ್ಯಾಮೆರಾದಲ್ಲಿ ಗುಂಡಿ ಒತ್ತಿದರೆ ಚಿತ್ರ ಹೊರಗೆ ಬಂದೇಬಿಡುತ್ತದೆ, ಅಳಿಸಿ ಇನ್ನೊಂದು ತೆಗೆಯುವ ಪ್ರಶ್ನೆಯಿಲ್ಲ. ಬೆಳಿಗ್ಗೆ ಚಿತ್ರ ತೆಗೆದಾಗಿದ್ದು ಸಂಜೆ ಅದಕ್ಕಿಂತ ಒಳ್ಳೆಯದೇನೋ ಕಂಡರೂ ಅವನು ಮತ್ತೆ ಕ್ಯಾಮೆರಾ ಎತ್ತುತ್ತಿರಲಿಲ್ಲವಂತೆ. 1997ರ ಅಕ್ಟೋಬರ್ 25ರಂದು, ತನ್ನ ನಲವತ್ತೊಂದನೆಯ ಹುಟ್ಟುಹಬ್ಬದ ದಿನ, ಮೆದುಳಿನ ಗೆಡ್ಡೆಯಿಂದ ತೀರಿಕೊಂಡ. ಉಳಿದ ಚಿತ್ರಗಳು 6,697. ಊಟದ ಮೇಜು, ಗೆಳೆಯರು, ಟಿವಿ ಪರದೆ, ಯಾವುದೋ ರಸ್ತೆ. ಕೊನೆಯ ವಾರಗಳಲ್ಲಿ ಆಸ್ಪತ್ರೆ, ಉಂಗುರ, ಮದುವೆ. ಒಂದೊಂದನ್ನೇ ಬಿಡಿಯಾಗಿ ತೋರಿಸಿದರೆ ಬಹಳಷ್ಟನ್ನು ಯಾರೂ ಎರಡನೇ ಸಲ ನೋಡಲಾರರು. ಸಾಲಾಗಿ ನೋಡುವಾಗ ಆ ಸಾಧಾರಣ ಚಿತ್ರಗಳೇ ನಮ್ಮನ್ನು ಹಿಡಿದಿಡುತ್ತವೆ, ಏಕೆಂದರೆ ಮುಂದೇನಾಗುತ್ತದೆಂದು ನಮಗೆ ಗೊತ್ತು, ಚಿತ್ರಕ್ಕೆ ಗೊತ್ತಿಲ್ಲ.

ನಮ್ಮ ಮೊಬೈಲುಗಳಲ್ಲಿ ದಿನಕ್ಕೆ ನಲವತ್ತು ತೆಗೆದು ಒಂದನ್ನು ಆರಿಸುತ್ತೇವೆ. ಹಾಗಾಗಿ ನಮ್ಮದು ದಿನಕ್ಕೊಂದು ಚಿತ್ರವಲ್ಲ, ದಿನಕ್ಕೊಂದು ಆಯ್ಕೆ. ಕ್ಷೇಮಪತ್ರ ಹುಟ್ಟುವುದು ಈ ಆಯ್ಕೆಯಲ್ಲೇ ಎಂಬುದು ನನ್ನ ವಾದ. ನರೋಡಾದ ಈ ವರ್ಷವನ್ನು ಎರಡನೇ ಸಲ ನೋಡಿದಾಗ ನಿಂತು ನೋಡುವಂತೆ ಮಾಡಿದ್ದು ಆರಿಸಲು ಪುರುಸೊತ್ತಿಲ್ಲದೆ ಕಾಟಾಚಾರಕ್ಕೆ ತೆಗೆದ ಚಿತ್ರಗಳು. ಜೂನ್ ತಿಂಗಳ ಒಂದು ರಾತ್ರಿ, ಹನ್ನೆರಡಕ್ಕೆ ಕೆಲವೇ ನಿಮಿಷ ಇರುವಾಗ, ಮಲಗಿದಲ್ಲಿಂದಲೇ ತೆಗೆದ ಸೀಲಿಂಗ್ ಫ್ಯಾನ್. ಅಲುಗಿದೆ, ಕತ್ತಲಿದೆ. ಅದರ ಹಿಂದಿನ ದಿನ ಗೋಡೆಯ ಸ್ವಿಚ್ಚು, ಮಾರನೆಯ ದಿನ ಮುಚ್ಚಿದ ಬಾಗಿಲು. ಮೂರು ದಿನ ಒಬ್ಬ ಮನುಷ್ಯರೂ ಇಲ್ಲ. ಏನಾಗಿತ್ತು ಎಂದು ನಾನು ಕೇಳಲಿಲ್ಲ, ಆಕೆಯೂ ಹೇಳಲಿಲ್ಲ. ಇನ್‌ಲ್ಯಾಂಡ್ ಪತ್ರದ ಅಂಚು ಇದೇ.

ಇನ್ನೊಂದು, ಮಳೆಗಾಲದ್ದು. ರಾತ್ರಿ ಪಾಳಿ ಮುಗಿಸಿ ಬಂದ ಗಂಡನ ಬೂಟುಗಳು ಹೊಸ್ತಿಲ ಹೊರಗಿವೆ. ಅಡಿಯಿಂದ ಇಳಿದ ಗುಲಾಬಿ ನೀರು ರಂಗೋಲಿಯ ಅಂಚಿನ ತನಕ ಹರಿದಿದೆ. ಬಣ್ಣ ತಯಾರಿಸುವ ಊರಿನ ಮನೆಗೆ ಕಾರ್ಖಾನೆ ಒಳಬರುವ ದಾರಿ ಇದು. ಇಡೀ ವರ್ಷದಲ್ಲಿ ಗಂಡನ ದುಡಿಮೆ ಕಾಣಿಸುವುದು ಈ ಒಂದು ಚಿತ್ರದಲ್ಲಿ ಮಾತ್ರ. ಆಕೆ ಇದನ್ನು ಗುಂಪಿಗೆ ಕಳಿಸಿರಲಿಲ್ಲ. ಅವತ್ತು ಹೋದದ್ದು ಅವಲಕ್ಕಿ ತಟ್ಟೆಯ ಇನ್ನೊಂದು ಚಿತ್ರ.

ಜನವರಿ 14ರದ್ದು ನೀವು ಊಹಿಸಿದಂತೆಯೇ ಇದೆ: ಉತ್ತರಾಯಣ, ಟೆರೇಸು, ಗಾಳಿಪಟ, ಒಂದು ತಟ್ಟೆಯಲ್ಲಿ ನಮ್ಮ ಎಳ್ಳುಬೆಲ್ಲ, ಇನ್ನೊಂದರಲ್ಲಿ ಉಂಧಿಯು. ನನಗೆ ಹಿಡಿಸಿದ್ದು 15ರದ್ದು. ಗುಜರಾತಿನಲ್ಲಿ ಆ ದಿನಕ್ಕೆ ವಾಸಿ ಉತ್ತರಾಯಣ ಎನ್ನುತ್ತಾರೆ. ಗುಜರಾತಿಯಲ್ಲಿ ವಾಸಿ ಎಂದರೆ ತಂಗಳು, ನಿನ್ನೆಯದು. ಕನ್ನಡದ ಕಿವಿಗೆ ‘ಮೇಲು’ ಎಂದು ಕೇಳುತ್ತದೆ, ‘ಗುಣವಾಯಿತು’ ಎಂದೂ ಕೇಳುತ್ತದೆ. ಚಿತ್ರದಲ್ಲಿ ವಿದ್ಯುತ್ ತಂತಿಗೆ ತೂಗುಬಿದ್ದ ಹರಿದ ಪಟಗಳು, ಕೆಳಗೆ ಮಾಂಜಾ ದಾರದ ಸಿಕ್ಕು ಬಿಡಿಸುತ್ತ ಕೂತ ಚಿಕ್ಕ ಮಗ, ಅವನ ಬೆರಳಿಗೊಂದು ಬ್ಯಾಂಡೇಜು. ಹಬ್ಬ ಮುಗಿದ ಮೇಲೂ ಅಲ್ಲೇ ಇದ್ದವರಿಗೆ ಮಾತ್ರ ಸಿಗುವ ಚಿತ್ರ. ಇಲ್ಲಿ ಕನ್ನಡದ ಅರ್ಥವೇ ನನಗೆ ವಾಸಿ.

ಏನೂ ಆಗದ ದಿನ ಎಂಬುದನ್ನು ನರೋಡಾದಲ್ಲಿ ಹಗುರಾಗಿ ಹೇಳುವಂತಿಲ್ಲ. 2002ರ ಫೆಬ್ರವರಿ 28ರಂದು ನರೋಡಾ ಪಾಟಿಯಾದಲ್ಲಿ 97 ಜನ ಮುಸ್ಲಿಮರನ್ನು ಕೊಂದರು, ಮನೆಗಳಿಗೆ ಬೆಂಕಿ ಹಚ್ಚಿದರು. ಮನೆ ಸುಟ್ಟಾಗ ಮದುವೆಯ ಆಲ್ಬಮ್ಮು, ಮಗುವಿನ ಸ್ಟುಡಿಯೋ ಫೋಟೊ ಕೂಡ ಹೋಗುತ್ತವೆ, ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಈ ಮನೆಯ ವರ್ಷದಲ್ಲಿ ಫೆಬ್ರವರಿ 28 ಹೇಗಿದೆ ಎಂದು ಹುಡುಕಿ ನೋಡಿದೆ. ಮಕ್ಕಳ ಟಿಫಿನ್ ಡಬ್ಬಿ, ಮುಚ್ಚಳ ತೆಗೆದಿದೆ, ಚಿತ್ರಾನ್ನ. ಆ ಊರಿನ ಆ ತಾರೀಕಿಗೆ ಚಿತ್ರಾನ್ನದ ಡಬ್ಬಿ ಎಷ್ಟು ದೊಡ್ಡ ಭಾಗ್ಯ ಎಂದು ತೆಗೆದವರಿಗೆ ತೋಚಿರಲಿಕ್ಕಿಲ್ಲ. ಅವರು ಬಂದದ್ದು ಎಷ್ಟೋ ವರ್ಷಗಳ ನಂತರ. ನಾವು ವಲಸಿಗರು ಊರೊಂದರ ಬಾಡಿಗೆ ವಿಚಾರಿಸುವಷ್ಟು ಅದರ ನೆನಪನ್ನು ವಿಚಾರಿಸುವುದಿಲ್ಲ.

ಫೋಟೊಗಳ ಬಗ್ಗೆ ಮಾತಾಡುವಾಗ ನಮಗೆ ಅಭ್ಯಾಸವಾಗಿರುವ ಅಳತೆಗೋಲು ಆನ್ರಿ ಕಾರ್ಟಿಯೆ-ಬ್ರೆಸಾನ್ ಹೆಸರಿಗೆ ಅಂಟಿಕೊಂಡಿರುವ ‘ನಿರ್ಣಾಯಕ ಕ್ಷಣ’. 1966ರಲ್ಲಿ ಅವರು ಇದೇ ಅಹಮದಾಬಾದಿನಲ್ಲಿ, ಉದ್ದುದ್ದ ಸೀರೆಗಳನ್ನು ಬಿಸಿಲಿಗೆ ಹರಡುವ ಹೆಂಗಸರ ಚಿತ್ರ ತೆಗೆದರು. ಮಹಾ ಚಿತ್ರ. ಆದರೆ ಆ ಹೆಂಗಸರು ಸೀರೆ ಮಡಚಿ ಮನೆಗೆ ಹೋದ ಮೇಲೆ ಏನಿತ್ತೋ ಅದು ಚಿತ್ರಕಾರನಿಗೆ ಸಿಗುವಂಥದ್ದಲ್ಲ. ನಮ್ಮ ಮೈಸೂರಿನ ಟಿ.ಎಸ್. ಸತ್ಯನ್ ದಿನನಿತ್ಯದ ಬದುಕಿಗೆ ಇನ್ನೂ ಹತ್ತಿರ ನಿಂತವರು, ಸಾಮಾನ್ಯರ, ಮಕ್ಕಳ ಮುಖಗಳನ್ನು ಗೌರವದಿಂದ ಕಂಡವರು. ಅವರ ತಮ್ಮ ಟಿ.ಎಸ್. ನಾಗರಾಜನ್ ಹಳೆಯ ಮನೆಗಳ ಒಳಗೇ ಹೋಗಿ ತೊಟ್ಟಿ, ಕಂಬ, ಕಿಟಕಿಯ ಬೆಳಕನ್ನು ಹಿಡಿದರು. ಇಬ್ಬರೂ ಬಹುಪಾಲು ಅತಿಥಿಗಳಾಗಿ ಹೋದವರು. ಮನೆಯವರೇ ಮನೆಯನ್ನು ತೆಗೆದರೆ ಬೇರೆ ಸಂಕಟಗಳಿವೆ.

ಅದಕ್ಕೆ ನೋನಿ ಸಿಂಗ್ ಒಳ್ಳೆಯ ಉದಾಹರಣೆ. ಅಹಮದಾಬಾದಿನ ಎನ್‌ಐಡಿಯಲ್ಲಿ ಓದಿ ಮುಂದೆ 2022ರಲ್ಲಿ ಹಾಸೆಲ್‌ಬ್ಲಾಡ್ ಪ್ರಶಸ್ತಿ ಪಡೆದ ದಯನಿತಾ ಸಿಂಗ್ ಅವರ ತಾಯಿ ಈಕೆ. ವರ್ಷಗಟ್ಟಲೆ ತಂಗಿಯರನ್ನು, ಹೆಣ್ಣುಮಕ್ಕಳನ್ನು ಫೋಟೊ ತೆಗೆದರು, ಯಾವ ಪ್ರದರ್ಶನಕ್ಕೂ ಅಲ್ಲ. ದಯನಿತಾ 2008ರಲ್ಲಿ ‘ಸೆಂಟ್ ಎ ಲೆಟರ್’ ಎಂದು ಏಳು ಪುಟ್ಟ ಮಡಿಕೆ ಪುಸ್ತಕಗಳ ಪೆಟ್ಟಿಗೆ ತಂದಾಗ ಅದರಲ್ಲೊಂದು ತಾಯಿ ತೆಗೆದ ಚಿತ್ರಗಳದ್ದಾಗಿತ್ತು. 2013ರಲ್ಲಿ ‘ದಿ ಆರ್ಕೈವಿಸ್ಟ್’ ಎಂಬ ಪುಸ್ತಕ ನೋನಿಯವರ ಹೆಸರಿನಲ್ಲೇ ಬಂತು. ಕ್ಯಾಮೆರಾ ಹಿಡಿದ ತಾಯಿ ಚಿತ್ರದಲ್ಲಿ ಇರುವುದಿಲ್ಲ, ಆದರೆ ಎಲ್ಲಿ ನಿಲ್ಲಬೇಕು, ಏನು ಉಡಬೇಕು ಎಂಬುದು ಅವಳ ಕೈಯಲ್ಲಿರುತ್ತದೆ. ಮಕ್ಕಳು ಬೇಡ ಎನ್ನುವಂತಿಲ್ಲ.

ನರೋಡಾದ ಮನೆಯಲ್ಲಿ ದೊಡ್ಡ ಮಗಳು ಬೇಡ ಎಂದಿದ್ದಾಳೆ. ಆಗಸ್ಟಿನ ಒಂದು ಚಿತ್ರದ ತುಂಬ ಅವಳ ಅಂಗೈ, ಹಿಂದೆ ಅರ್ಧ ಹುಬ್ಬು. ಅಲ್ಲಿಂದ ಮುಂದೆ ಅವಳು ಬೆನ್ನು, ಜಡೆ, ಬಾಗಿಲ ಸಂದಿಯ ಪಾದವಾಗಿ ಮಾತ್ರ ಇದ್ದಾಳೆ. ಅಂಗೈಯ ಚಿತ್ರವನ್ನು ತಾಯಿ ಅಳಿಸದೆ ಗುಂಪಿಗೂ ಕಳಿಸಿದರು, ಅಜ್ಜಿ ನಗುವ ಗೊಂಬೆಯ ಚಿಹ್ನೆ ಹಾಕಿದರು. ನನಗೆ ನಗು ಬರಲಿಲ್ಲ. ಕಳಿಸಬಾರದಿತ್ತು ಎಂದೇ ನನ್ನ ಅಭಿಪ್ರಾಯ. ಇಟ್ಟುಕೊಂಡದ್ದು ಸರಿ, ಕಳಿಸಿದ್ದು ಬೇರೆ ಮಾತು. ಹಾಗಿದ್ದೂ ಮಗಳ ವಯಸ್ಸು ತಿರುಗಿದ್ದು ದಾಖಲಾಗಿರುವುದು ಅಲ್ಲಿಯೇ, ಕೇಕ್ ಕತ್ತರಿಸುವ ಚಿತ್ರದಲ್ಲಲ್ಲ. ತಾಯಿಯಂತೂ ಇಡೀ ವರ್ಷದಲ್ಲಿ ಸಿಗುವುದು ಬೆರಳೆಣಿಕೆಯಷ್ಟು ಸಲ, ಅದೂ ಕುಕ್ಕರಿನ ಹೊಟ್ಟೆಯಲ್ಲಿ, ಟಿವಿಯ ಕಪ್ಪು ಗಾಜಿನಲ್ಲಿ, ಪ್ರತಿಬಿಂಬವಾಗಿ.

ಈಗ ಆಕೆ ನೂರು ಚಿತ್ರ ಆರಿಸಿ ಪುಸ್ತಕ ಮಾಡಿಸುತ್ತಿದ್ದಾರೆ, ದೀಪಾವಳಿಗೆ ಊರಿಗೆ ಹೋಗುವಾಗ ಒಯ್ಯಲು. ಎಲ್ಲ 365ನ್ನೂ ಚಿಕ್ಕದಾಗಿ, ತಾರೀಕಿನ ಸಾಲಿನಲ್ಲಿ ಹಾಕಿ ಎಂದು ಹೇಳಿದೆ. ಪುಟಕ್ಕಿಷ್ಟು ಎಂದು ದುಡ್ಡು ಲೆಕ್ಕ ಹಾಕುತ್ತಾರೆ, ಜೊತೆಗೆ ಅತ್ತೆಯವರಿಗೆ ಕನ್ನಡಕ ಹಾಕಿದರೂ ಚಿಕ್ಕದು ಕಾಣುವುದಿಲ್ಲ ಎಂದರು. ಅದೂ ನಿಜವೇ. ಆರಿಸಿದ ಪಟ್ಟಿ ತೋರಿಸಿದರು. ಕರಿಬೇವಿನ ಎಲೆ ಇದೆ. ಫ್ಯಾನ್ ಇಲ್ಲ. ಬೂಟಿನ ಪಕ್ಕದಲ್ಲಿ ಪ್ರಶ್ನೆ ಚಿಹ್ನೆ ಹಾಕಿದ್ದಾರೆ.