ಹಳೆಯ ರೇಡಿಯೋ: ಬದಲಿಸಬೇಕಾದ್ದು, ಮುಟ್ಟಬಾರದ್ದು

ಅಟ್ಟದಿಂದ ಇಳಿಸಿದ ಅಥವಾ ಗುಜರಿಯಲ್ಲಿ ಸಿಕ್ಕಿದ ವಾಲ್ವ್ ರೇಡಿಯೋ ಹೊಸ ಹವ್ಯಾಸಿಯ ಕೈಗೆ ಬಂದಾಗ ಸಾಮಾನ್ಯವಾಗಿ ಎರಡು ಕೆಲಸ ನಡೆಯುತ್ತವೆ. ಮೊದಲು ಪ್ಲಗ್ ಸಿಕ್ಕಿಸಿ ಸ್ವಿಚ್ ಹಾಕುತ್ತಾರೆ. ಸದ್ದು ಬಂದರೂ ಬರದಿದ್ದರೂ ಆಮೇಲೆ ಮರದ ಪೆಟ್ಟಿಗೆಯನ್ನು ಮರಳುಕಾಗದದಿಂದ ಉಜ್ಜಿ ಹೊಸ ಪಾಲಿಶ್ ಬಳಿಯುತ್ತಾರೆ. ಒಳಗಿನ ಬಿಡಿಭಾಗಗಳನ್ನು ಮಾತ್ರ 'ಹಳೆಯದು, ಅಸಲಿ' ಎಂಬ ಭಕ್ತಿಯಿಂದ ಹಾಗೆಯೇ ಉಳಿಸಿಕೊಳ್ಳುತ್ತಾರೆ. ಈ ಕ್ರಮ ತಲೆಕೆಳಗಾಗಿದೆ ಎಂಬುದು ನನ್ನ ವಾದ. ಹೊಸಬರು ಬದಲಿಸಲು ಅಂಜುವ ಭಾಗಗಳನ್ನೇ ಮೊದಲು ಬದಲಿಸಬೇಕು. ಅವರ ಕೈ ತಾನಾಗಿ ಹೋಗುವ ಜಾಗಗಳನ್ನು ಬಿಟ್ಟುಬಿಡಬೇಕು. ವಿನ್ಯಾಸಕಾರ ಒಂದು ರೇಡಿಯೋದಲ್ಲಿ ನಿಜವಾಗಿ ರೂಪಿಸಿದ್ದು ಯಾವ ಬಿಂದುವಿನಲ್ಲಿ ಎಷ್ಟು ವೋಲ್ಟೇಜ್ ನಿಲ್ಲಬೇಕು, ಯಾವ ಸುರುಳಿ ಯಾವ ಕಂಪನಾಂಕಕ್ಕೆ ಶ್ರುತಿಗೊಳ್ಳಬೇಕು ಎಂಬುದನ್ನು. ಆ ಲೆಕ್ಕ ಕೆಟ್ಟ ಮೇಲೆ ಒಳಗಿನ ಪ್ರತಿಯೊಂದು ಭಾಗವೂ ಕಾರ್ಖಾನೆಯದ್ದೇ ಆಗಿದ್ದರೂ ಆ ರೇಡಿಯೋ ತನ್ನ ವಿನ್ಯಾಸಕ್ಕೆ ನಿಷ್ಠವಾಗಿಲ್ಲ.

ಇದಕ್ಕೆ ಅತ್ಯಂತ ಸ್ಪಷ್ಟ ಸಾಕ್ಷಿ ಒಂದು ಸಣ್ಣ ಕಂಡೆನ್ಸರು. ಧ್ವನಿಯ ಮೊದಲ ವರ್ಧಕ ವಾಲ್ವಿನ ಆನೋಡಿಗೂ ಕೊನೆಯ ಔಟ್‌ಪುಟ್ ವಾಲ್ವಿನ ಗ್ರಿಡ್ಡಿಗೂ ನಡುವೆ ಇದು ಕೂತಿರುತ್ತದೆ. ಧ್ವನಿಯನ್ನು ದಾಟಿಸಿ, ಹಿಂದಿನ ವಾಲ್ವಿನ ಡಿ.ಸಿ. ವೋಲ್ಟೇಜನ್ನು ತಡೆಯುವುದು ಅದರ ಕೆಲಸ. 1950ರ ದಶಕದ ಸೆಟ್ಟುಗಳಲ್ಲಿ ಇದು ಬಹುಮಟ್ಟಿಗೆ ಮೇಣ ಹಚ್ಚಿದ ಕಾಗದದ ಕಂಡೆನ್ಸರು. ಕಾಗದ ತೇವ ಹೀರುತ್ತದೆ, ದಶಕಗಳಲ್ಲಿ ಹುಳಿಯಾಗುತ್ತದೆ, ವಿದ್ಯುತ್ತನ್ನು ಸೋರಿಸತೊಡಗುತ್ತದೆ. ಎಷ್ಟು ಸೋರಿದರೆ ಅಪಾಯ ಎಂದು ಲೆಕ್ಕ ಹಾಕಿ ನೋಡಬಹುದು. ಇಎಲ್84 ವಾಲ್ವ್ 250 ವೋಲ್ಟಿನಲ್ಲಿ ಸರಿಯಾಗಿ ನಡೆಯಬೇಕಾದರೆ ಅದರ ಗ್ರಿಡ್ ಕ್ಯಾಥೋಡಿಗಿಂತ ಸುಮಾರು 7 ವೋಲ್ಟ್ ಕೆಳಗಿರಬೇಕು. ಹಿಂದಿನ ಆನೋಡಿನಲ್ಲಿ 100 ವೋಲ್ಟ್, ಗ್ರಿಡ್ಡಿನ ರೆಸಿಸ್ಟರ್ 1 ಮೆಗಾಓಮ್, ಕಂಡೆನ್ಸರಿನ ಸೋರಿಕೆಯ ದಾರಿ 20 ಮೆಗಾಓಮ್ ಎಂದಿಟ್ಟುಕೊಳ್ಳಿ. ಗ್ರಿಡ್ಡಿನ ಮೇಲೆ 5 ವೋಲ್ಟಿಗೆ ಹತ್ತಿರದ ಧನ ವೋಲ್ಟೇಜ್ ಬಂದು ಕೂರುತ್ತದೆ. ವಾಲ್ವ್ ಮಿತಿ ಮೀರಿ ಕರೆಂಟ್ ಎಳೆಯುತ್ತದೆ, ಕೆಂಪಗೆ ಕಾಯುತ್ತದೆ, ಕಡೆಗೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ಕೂದಲೆಳೆಯಂಥ ತಂತಿಯನ್ನೂ ಸುಡುತ್ತದೆ. 20 ಮೆಗಾಓಮ್ ಎಂದರೆ ಮಲ್ಟಿಮೀಟರಿನ ಕಣ್ಣಿಗೆ ಒಳ್ಳೆಯ ಕಂಡೆನ್ಸರೇ. ಮೀಟರಿನ ಕೆಲವೇ ವೋಲ್ಟಿನಲ್ಲಿ ಸೋರದ್ದು ರೇಡಿಯೋದ ನೂರಿನ್ನೂರು ವೋಲ್ಟಿನಲ್ಲಿ ಸೋರುವುದೂ ಉಂಟು. ಎಲ್ಲಕ್ಕಿಂತ ಮೋಸದ ಸಂಗತಿ, ಈ ಸುಡುವಿಕೆ ನಡೆಯುತ್ತಿರುವಾಗಲೂ ರೇಡಿಯೋ ಹಾಡುತ್ತಿರುತ್ತದೆ, ಸ್ವಲ್ಪ ಒಡೆದ ದನಿಯಲ್ಲಿ. 'ಚೆನ್ನಾಗಿ ಹಾಡುತ್ತಿದೆ, ಯಾಕೆ ಕೈ ಹಾಕಬೇಕು' ಎಂಬ ಮಾತು ಇಲ್ಲಿ ನಿಲ್ಲುವುದಿಲ್ಲ. ಕೆಲವೇ ರೂಪಾಯಿಯ ಪಾಲಿಯೆಸ್ಟರ್ ಕಂಡೆನ್ಸರು, 630 ವೋಲ್ಟ್ ತಡೆಯುವಂಥದ್ದು, ಆ ಜಾಗದಲ್ಲಿ ಕೂತರೆ ಸುಲಭವಾಗಿ ಸಿಗದ ವಾಲ್ವ್ ಉಳಿಯುತ್ತದೆ, ಟ್ರಾನ್ಸ್‌ಫಾರ್ಮರ್ ಉಳಿಯುತ್ತದೆ.

ಪವರ್ ಸಪ್ಲೈಯ ಎಲೆಕ್ಟ್ರೊಲಿಟಿಕ್ ಕಂಡೆನ್ಸರುಗಳ ಕಥೆಯೂ ಹೆಚ್ಚುಕಡಿಮೆ ಇದೇ. ಅವುಗಳೊಳಗಿನ ಅಲ್ಯೂಮಿನಿಯಂ ಆಕ್ಸೈಡಿನ ಪೊರೆ ಬಳಕೆಯಿಲ್ಲದೆ ಶಿಥಿಲವಾಗಿರುತ್ತದೆ; ಒಮ್ಮೆಲೇ ಪೂರ್ತಿ ವೋಲ್ಟೇಜ್ ಬಿದ್ದರೆ ಷಾರ್ಟ್ ಆಗಿ ರೆಕ್ಟಿಫೈಯರ್ ವಾಲ್ವನ್ನೂ ಮೇನ್ಸ್ ಟ್ರಾನ್ಸ್‌ಫಾರ್ಮರನ್ನೂ ಬಲಿ ತೆಗೆದುಕೊಳ್ಳಬಹುದು. ನಮ್ಮ ಎಲೆಕ್ಟ್ರಿಷಿಯನ್ನರು ಇಂದಿಗೂ ಬಳಸುವ ಸೀರೀಸ್ ಬಲ್ಬಿನ ಬೋರ್ಡು ಇಲ್ಲಿ ಬೆಲೆಬಾಳುವ ಸಾಧನ. 40 ಅಥವಾ 60 ವಾಟಿನ ತಂತಿಯ ಬಲ್ಬನ್ನು (ಎಲ್‌ಇಡಿ ಅಲ್ಲ) ಸರಣಿಯಲ್ಲಿಟ್ಟರೆ, ಒಳಗೆ ಷಾರ್ಟ್ ಇದ್ದಾಗ ಬಲ್ಬು ಪ್ರಖರವಾಗಿ ಉರಿದು ರೇಡಿಯೋವನ್ನು ಕಾಯುತ್ತದೆ. ಮೊದಲ ಸಲ ಕರೆಂಟ್ ಕೊಡುವುದು ಇದರ ಮೂಲಕವೇ ಆಗಬೇಕು, ಅದೂ ಕಂಡೆನ್ಸರುಗಳನ್ನು ಬದಲಿಸಿದ ನಂತರ.

ಇನ್ನು ಮುಟ್ಟಬಾರದ್ದು. ಚಾಸಿಯ ಮೇಲೆ ನಿಂತಿರುವ ಚೌಕ ಅಲ್ಯೂಮಿನಿಯಂ ಡಬ್ಬಿಗಳು ಐ.ಎಫ್. (ಮಧ್ಯಂತರ ಕಂಪನಾಂಕ) ಟ್ರಾನ್ಸ್‌ಫಾರ್ಮರುಗಳು, 455 ಕಿಲೋಹರ್ಟ್ಜ್ ಅಥವಾ ಅದರ ಆಸುಪಾಸಿಗೆ ಕಾರ್ಖಾನೆಯಲ್ಲಿ ಶ್ರುತಿ ಮಾಡಿದವು. ಅವುಗಳ ತೂತಿನಲ್ಲಿ ಕಾಣುವ ತಿರುಪು ಹೊಸಬರನ್ನು ಕರೆಯುತ್ತದೆ. ಸಿಗ್ನಲ್ ಜನರೇಟರ್ ಇಲ್ಲದೆ ಅದನ್ನು ತಿರುವಿದವನಿಗೆ ಮೊದಲಿನ ಜಾಗಕ್ಕೆ ಮರಳುವ ದಾರಿಯಿಲ್ಲ, ಒಣಗಿದ ಮೇಣ ಹಿಡಿದಿದ್ದರೆ ಫೆರೈಟ್ ತಿರುಳೇ ಒಡೆಯುತ್ತದೆ. ಈ ಸುರುಳಿಗಳು ತಾವಾಗಿ ಕೆಡುವುದು ಅಪರೂಪ. ಮೈಕಾ ಕಂಡೆನ್ಸರುಗಳೂ ಹಾಗೆಯೇ ಬಹುತೇಕ ಬಾಳುತ್ತವೆ. ಡಯಲ್ ಗಾಜಿನ ವಿಷಯದಲ್ಲಂತೂ ಒಂದೇ ನಿಮಿಷದ ಅಚಾತುರ್ಯ ಸಾಕು. ಕೊಲಂಬೋ, ದೆಹಲಿ, ಲಂಡನ್ ಎಂದು ಹೆಸರು ಬರೆದ ಬಣ್ಣ ಗಾಜಿನ ಹಿಂಬದಿಗೆ ಅಂಟಿಕೊಂಡಿರುವುದು ಎಳೆಯಷ್ಟು ಬಲದಿಂದ. ಸೋಪು ನೀರು ತಗುಲಿದರೆ ಊರುಗಳೆಲ್ಲ ಬಟ್ಟೆಗೆ ಬರುತ್ತವೆ. ಒಣ ಬ್ರಷ್ಷಿನಿಂದ ಧೂಳು ಹೊಡೆಯುವುದಷ್ಟೇ ಅಲ್ಲಿ ಸಲ್ಲುವ ಕೆಲಸ. ಪೆಟ್ಟಿಗೆಯ ಹಳೆಯ ಮೆರುಗನ್ನು ಕೆರೆದು ತೆಗೆಯುವುದನ್ನು ನಾನು ಇದೇ ಸಾಲಿಗೆ ಸೇರಿಸುತ್ತೇನೆ. ಗುಂಡಿಯ ಸುತ್ತ ಬೆರಳು ಸವೆಸಿದ ಗುರುತು ಸುಟ್ಟ ರೆಸಿಸ್ಟರಿನಂಥ ದೋಷವಲ್ಲ, ಅದನ್ನು ಮತ್ತೆ ತರಿಸಲೂ ಆಗದು.

ಇಲ್ಲಿ ಸಂಗ್ರಾಹಕರ ಆಕ್ಷೇಪ ಎದುರಾಗುತ್ತದೆ: ಮೇಣದ ಕಂಡೆನ್ಸರೂ ಒಂದು ದಾಖಲೆಯಲ್ಲವೇ, ತಯಾರಕರ ಹೆಸರು ಅಚ್ಚಾದ ಆ ಕೊಳವೆಯನ್ನು ಕಿತ್ತರೆ ಇತಿಹಾಸವನ್ನೇ ಕಿತ್ತಂತಲ್ಲವೇ? ತೂಕದ ಮಾತು. ಅಪರೂಪದ 1930ರ ದಶಕದ ಸೆಟ್ಟು ಸಿಕ್ಕಿದರೆ ಅದಕ್ಕೆ ಕರೆಂಟ್ ಕೊಡದೆ ಹಾಗೇ ಇಡುವುದು ಸರಿ, ಅದರ ಮೇಲೆ ಹೊಸಬರು ಕೈ ಪಳಗಿಸಿಕೊಳ್ಳಬಾರದು. ಆದರೆ ನಮ್ಮ ಮನೆಗಳಲ್ಲಿ ಉಳಿದಿರುವ ಮರ್ಫಿ, ಫಿಲಿಪ್ಸ್, ಬುಷ್ ಸೆಟ್ಟುಗಳು ಬಳಕೆಯ ವಸ್ತುಗಳು. ರಿಪೇರಿ ಅಂಗಡಿಯ ಮೇಜು ಕಂಡವು. ಬೆಂಗಳೂರಿನ ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ 1961ರಲ್ಲಿ ರೇಡಿಯೋ ವಾಲ್ವುಗಳ ತಯಾರಿಕೆ ಆರಂಭಿಸಿತು. ವಿದೇಶಿ ಹೆಸರಿನ ಹಳೆಯ ಸೆಟ್ಟೊಂದರೊಳಗೆ ಜಾಲಹಳ್ಳಿಯ ವಾಲ್ವ್ ಕಂಡರೆ ಅದನ್ನು ಕಲಬೆರಕೆ ಎನ್ನಬೇಕೇ? ಆ ಬದಲಾವಣೆಯೂ ಆ ರೇಡಿಯೋದ ಚರಿತ್ರೆಯೇ. ಹಳೆಯ ಕಂಡೆನ್ಸರಿನ ಕೊಳವೆಯನ್ನು ಟೊಳ್ಳು ಮಾಡಿ ಒಳಗೆ ಹೊಸದನ್ನು ಅಡಗಿಸುವ ಒಂದು ಪದ್ಧತಿಯಿದೆ, ಹವ್ಯಾಸಿಗಳಲ್ಲಿ ಅದಕ್ಕೆ ಬಹಳ ಗೌರವ. ಕುಶಲ ಕೆಲಸ ಹೌದು, ಆದರೆ ಅದು ನಡೆದ ದುರಸ್ತಿಯನ್ನು ಮುಚ್ಚಿಡುತ್ತದೆ. ಮುಂದೆ ಚಾಸಿ ಬಿಚ್ಚುವವನಿಗೆ ಯಾವುದು ಹಳೆಯದು, ಯಾವುದು ಹೊಸದು ಎಂಬುದೇ ತಿಳಿಯದು. ಕಣ್ಣಿಗೆ ಕಾಣುವ ಹಳದಿ ಕಂಡೆನ್ಸರು ಅದಕ್ಕಿಂತ ಪ್ರಾಮಾಣಿಕ. ಕಿತ್ತ ಭಾಗಗಳನ್ನು ಒಂದು ಲಕೋಟೆಯಲ್ಲಿ ಹಾಕಿ, ಮೌಲ್ಯ, ಜಾಗ, ತಾರೀಖು ಬರೆದು ಪೆಟ್ಟಿಗೆಯೊಳಗೇ ಇಟ್ಟರೆ ದಾಖಲೆಯೂ ಉಳಿಯಿತು, ರೇಡಿಯೋವೂ ಉಳಿಯಿತು.

ಇನ್ನೊಂದು ತುದಿಯಲ್ಲಿ, ಚಾಸಿಯನ್ನೇ ಕಿತ್ತೆಸೆದು ಬ್ಲೂಟೂತ್ ಬೋರ್ಡು ಕೂರಿಸುವವರಿದ್ದಾರೆ. ಪೆಟ್ಟಿಗೆಯಾದರೂ ಉಳಿಯಿತಲ್ಲ ಎಂಬುದು ಅವರ ಸಮರ್ಥನೆ. ನನಗೆ ಇದು ಒಪ್ಪಿಗೆಯಿಲ್ಲ, ಕಾರಣ ಆ ಯಂತ್ರದ ಬೆನ್ನಿನಲ್ಲೇ ಇದೆ. ಗ್ರಾಮಫೋನ್ ಜೋಡಿಸಲೆಂದು ಬಹಳಷ್ಟು ಸೆಟ್ಟುಗಳ ಹಿಂಬದಿಯಲ್ಲಿ ಎರಡು ತೂತಿನ ಸಾಕೆಟ್ ಇರುತ್ತದೆ. ಮೇನ್ಸ್ ಟ್ರಾನ್ಸ್‌ಫಾರ್ಮರ್ ಇರುವ ಸೆಟ್ಟಿನಲ್ಲಿ ಮೊಬೈಲಿನ ಹಾಡನ್ನು ಅಲ್ಲಿಂದಲೇ ಒಳಗೆ ಬಿಡಬಹುದು. ಒಂದು ತಂತಿಯನ್ನೂ ಕತ್ತರಿಸದೆ ಅದೇ ವಾಲ್ವು, ಅದೇ ಸ್ಪೀಕರಿನ ದನಿಯಲ್ಲಿ ಕೇಳಬಹುದು.

ಆ ಷರತ್ತು ಮುಖ್ಯ. ಟ್ರಾನ್ಸ್‌ಫಾರ್ಮರ್ ಇಲ್ಲದ ಎ.ಸಿ.-ಡಿ.ಸಿ. ಸೆಟ್ಟುಗಳಲ್ಲಿ ಮೇನ್ಸಿನ ಒಂದು ತಂತಿ ನೇರವಾಗಿ ಚಾಸಿಗೇ ಸೇರಿರುತ್ತದೆ. ಪ್ಲಗ್ ತಿರುಗುಮುರುಗಾದರೆ ಇಡೀ ಲೋಹದ ಚಾಸಿ 230 ವೋಲ್ಟಿನಲ್ಲಿ ನಿಂತಿರುತ್ತದೆ. ಜೀವಕ್ಕೆ ಅಪಾಯವಿರುವ ಈ ಕೆಲಸವನ್ನು ಹೊಸಬರಿಗೆ ಹೇಗೆ ಶಿಫಾರಸು ಮಾಡುತ್ತೀರಿ ಎಂದು ಕೇಳಿದರೆ, ಎಲ್ಲ ಸೆಟ್ಟುಗಳನ್ನೂ ಮಾಡುವುದಿಲ್ಲ ಎಂಬುದೇ ಉತ್ತರ. ಗುರುತು ವಾಲ್ವಿನ ಹೆಸರಿನಲ್ಲಿದೆ. ಯುಸಿಎಚ್81, ಯುಸಿಎಲ್82 ಹೀಗೆ 'ಯು' ಎಂದು ಶುರುವಾಗುವವು 100 ಮಿಲಿಆಂಪಿಯರಿನ ಸರಣಿ ಹೀಟರಿನವು, ಅಂದರೆ ಹೆಚ್ಚಾಗಿ ಚಾಸಿಗೇ ಮೇನ್ಸ್ ಸೇರಿರುವ ಸೆಟ್ಟು. ಇಸಿಎಚ್81, ಇಎಲ್84ರಂತೆ 'ಇ' ಇದ್ದರೆ 6.3 ವೋಲ್ಟಿನ ಹೀಟರು, ಸಾಮಾನ್ಯವಾಗಿ ಟ್ರಾನ್ಸ್‌ಫಾರ್ಮರ್ ಇರುವ ಸೆಟ್ಟು. ಆದರೂ ಕಣ್ಣಾರೆ ನೋಡಿ ಖಚಿತಪಡಿಸಿಕೊಳ್ಳಬೇಕು. ಮೊದಲ ರೇಡಿಯೋ 'ಇ' ಸಾಲಿನದ್ದೇ ಆಗಿರಲಿ, ಅದರಲ್ಲೂ ಪ್ಲಗ್ ಕಿತ್ತ ಮೇಲೆ ಫಿಲ್ಟರ್ ಕಂಡೆನ್ಸರಿನಲ್ಲಿ ಉಳಿದ ಚಾರ್ಜನ್ನು ರೆಸಿಸ್ಟರ್ ಮೂಲಕ ಇಳಿಸಿಯೇ ಕೈ ಹಾಕಬೇಕು.

ಕೊನೆಯ ಆಕ್ಷೇಪವೇ ನನ್ನನ್ನು ಹೆಚ್ಚು ಕಾಡುವುದು: ಇಷ್ಟೆಲ್ಲ ಮಾಡಿ ಕೇಳುವುದಾದರೂ ಏನನ್ನು? ಈ ಸೆಟ್ಟುಗಳಲ್ಲಿ ಬಹುಪಾಲಿಗೆ ಎಫ್.ಎಂ. ಇಲ್ಲ, ಶಾರ್ಟ್‌ವೇವಿನ ಎಷ್ಟೋ ಕೇಂದ್ರಗಳು ಮುಚ್ಚಿವೆ. ಮನೆಯ ಎಲ್‌ಇಡಿ ದೀಪ, ಮೊಬೈಲ್ ಚಾರ್ಜರುಗಳು ಮೀಡಿಯಂ ವೇವಿನ ತುಂಬ ಕರಕರ ಸದ್ದು ಸುರಿಯುತ್ತವೆ. ಇದನ್ನು ಅಲ್ಲಗಳೆಯಲಾಗದು, ಕೊಂಚ ತಗ್ಗಿಸಬಹುದು ಅಷ್ಟೆ: ಗೋಡೆಯ ಆಚೆಗೆ ಹತ್ತು ಮೀಟರ್ ಏರಿಯಲ್ ತಂತಿ ಎಳೆದರೆ, ಸದ್ದು ಮಾಡುವ ಚಾರ್ಜರುಗಳನ್ನು ಕಿತ್ತಿಟ್ಟರೆ ವ್ಯತ್ಯಾಸ ಕಿವಿಗೇ ತಿಳಿಯುತ್ತದೆ. ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಜ್ ಹಳೆಯ ಡಯಲಿನ ಮೀಟರ್ ಲೆಕ್ಕದಲ್ಲಿ ಸುಮಾರು 490ರ ಹತ್ತಿರ, ಧಾರವಾಡದ 765 ಸುಮಾರು 392ರ ಹತ್ತಿರ ಬರುತ್ತದೆ. ಮುಳ್ಳು ಆ ಗುರುತುಗಳ ಮೇಲೆ ನಿಂತಾಗಲೇ ಕೇಂದ್ರ ಸಿಕ್ಕಿದರೆ, ತಿರುಪು ಮುಟ್ಟದೆ ಬಿಟ್ಟ ಸುರುಳಿಗಳು ಇನ್ನೂ ಶ್ರುತಿಯಲ್ಲಿವೆ ಎಂದು ಅರ್ಥ. ಸೂರ್ಯ ಮುಳುಗಿದ ಮೇಲೆ ಅಯಾನುಗೋಳದ ಕೆಳಪದರ ಕರಗಿ, ಹಗಲಲ್ಲಿ ಮೌನವಾಗಿದ್ದ ದೂರದ ಕೇಂದ್ರಗಳೂ ಅಲೆಅಲೆಯಾಗಿ ಬರತೊಡಗುತ್ತವೆ.