ಕುಂದಗೌರ ಗೀತೆಯ ಹಿನ್ನೆಲೆ: ಕರ್ತೃವೋ, ಕ್ಷೇತ್ರವೋ?

ಕರ್ನಾಟಕ ಸಂಗೀತವನ್ನು ಅಭ್ಯಸಿಸುವವರು ಸರಳೆ, ಜಂಟಿವರಸೆ, ಅಲಂಕಾರಗಳನ್ನು ಮುಗಿಸಿದ ಮೇಲೆ ಮೊದಲು ಕಲಿಯುವುದು ಪಿಳ್ಳಾರಿ ಗೀತೆಗಳನ್ನು ಎಂಬುದು ಸರ್ವವಿದಿತ. ‘ಶ್ರೀ ಗಣನಾಥ’, ‘ಕುಂದಗೌರ’, ‘ಕೆರೆಯ ನೀರನು’, ‘ಪದುಮನಾಭ’ ಎಂಬ ಈ ನಾಲ್ಕೂ ಮಲಹರಿ ರಾಗದವು. ಮೊದಲೆರಡು ರೂಪಕ ತಾಳದವು, ಉಳಿದೆರಡು ತ್ರಿಪುಟ ತಾಳದವು. ಪಾಠಪುಸ್ತಕಗಳೆಲ್ಲ ಇವನ್ನು ಪುರಂದರದಾಸರ ಹೆಸರಿನಲ್ಲಿ ಅಚ್ಚುಮಾಡುತ್ತ ಬಂದಿವೆ. ಈ ನಿರ್ಣಯಕ್ಕೆ ಆಧಾರವೇನೆಂಬುದನ್ನು ಎರಡನೆಯ ಗೀತೆಯನ್ನು ಮುಂದಿಟ್ಟುಕೊಂಡು ಪರಿಶೀಲಿಸುವುದು ನಮ್ಮ ಉದ್ದೇಶ.

ದಾಸರ ಕೃತಿಯನ್ನು ಗುರುತಿಸಲು ನಮಗಿರುವ ಮೊದಲ ಸಾಧನ ಅಂಕಿತ. ‘ಕೆರೆಯ ನೀರನು’ ಗೀತೆಯಲ್ಲಿ ಪುರಂದರವಿಠಲನ ಅಂಕಿತ ಸ್ಪಷ್ಟವಾಗಿದೆ. ‘ಪದುಮನಾಭ’ದಲ್ಲಿ ಅದೇ ಅಂಕಿತದ ಹಿಂದೆ ‘ಅಭಿನವ’ ಎಂಬ ವಿಶೇಷಣ ಸೇರಿದೆ; ಅದು ದೇವರಿಗೆ ಹೇಳಿದ ಮಾತೋ, ದಾಸರನ್ನು ಅನುಸರಿಸಿದ ಬೇರೊಬ್ಬರ ಗುರುತೋ ಎಂಬ ಶಂಕೆಗೆ ಎಡೆಯುಂಟು. ‘ಶ್ರೀ ಗಣನಾಥ’, ‘ಕುಂದಗೌರ’ಗಳಲ್ಲಿಯಾದರೋ ಅಂಕಿತವೇ ಇಲ್ಲ. ಹಾಗೆಂದು ‘ಕುಂದಗೌರ’ವು ಶಿವಸ್ತುತಿಯಾದುದರಿಂದ ಹರಿದಾಸರದಲ್ಲವೆಂದು ವಾದಿಸುವುದು ಸಲ್ಲದು, ಶಿವನನ್ನು ಕುರಿತ ‘ಚಂದ್ರಚೂಡ’ ಎಂಬ ಪದವು ಪುರಂದರದಾಸರ ಹೆಸರಿನಲ್ಲಿಯೇ ಪ್ರಸಿದ್ಧವಾಗಿದೆ. ಒಟ್ಟಿನಲ್ಲಿ ಕರ್ತೃತ್ವವನ್ನು ಸಾಧಿಸಲೂ ನಿರಾಕರಿಸಲೂ ಗೀತೆಯ ಮಾತು ಸಾಲದು.

ಆದರೆ ಅದೇ ಮಾತು ಮತ್ತೊಂದು ವಿಷಯದಲ್ಲಿ ನಿಸ್ಸಂದಿಗ್ಧವಾಗಿದೆ. ಈ ಗೀತೆ ಸ್ತುತಿಸುವುದು ಹೇಮಕೂಟವನ್ನೇ ಸಿಂಹಾಸನವಾಗಿ ಉಳ್ಳ ವಿರೂಪಾಕ್ಷನನ್ನು. ಹೇಮಕೂಟವೂ ವಿರೂಪಾಕ್ಷನೂ ಒಟ್ಟಿಗೆ ಬಂದಾಗ ಹಂಪೆಯಲ್ಲದೆ ಬೇರೊಂದು ಕ್ಷೇತ್ರವನ್ನು ನೆನೆಯುವಂತಿಲ್ಲ. ಕರ್ತೃವಿನ ಹೆಸರನ್ನು ಮರೆಸಿದ ಗೀತೆ ತನ್ನ ಊರಿನ ಹೆಸರನ್ನು ಉಳಿಸಿಕೊಂಡಿದೆ.

ಇನ್ನು ರಾಗದ ಮಾತು. ವಿಜಯನಗರದಲ್ಲಿ ಅಳಿಯ ರಾಮರಾಯನ ಆಶ್ರಯದಲ್ಲಿದ್ದ ರಾಮಾಮಾತ್ಯನು 1550ರಲ್ಲಿ ‘ಸ್ವರಮೇಳಕಲಾನಿಧಿ’ಯನ್ನು ರಚಿಸಿದನು. ಆತನು ಮಾಳವಗೌಳವನ್ನು ರಾಗಗಳಲ್ಲಿ ಉತ್ತಮವೆಂದು ಎತ್ತಿಹಿಡಿದು, ಮಲಹರಿಯನ್ನು ಅದರ ಮೇಳದಲ್ಲಿ ಎಣಿಸಿದ್ದಾನೆ. ಅದಕ್ಕೆ ‘ಮಾಯಾ’ ಎಂಬ ಪೂರ್ವಪದ ಸೇರಿ ಹದಿನೈದನೆಯ ಮೇಳವಾದುದು ತರುವಾಯದ ಮಾತು. ಪುರಂದರದಾಸರು ಕಾಲವಾದುದು 1564ರಲ್ಲಿ ಎಂಬುದು ಸಂಪ್ರದಾಯ. ಆದುದರಿಂದ ಅವರು ಬದುಕಿದ್ದಾಗಲೇ, ಅವರಿದ್ದ ನಗರದಲ್ಲಿಯೇ, ಈ ರಾಗ ಶಾಸ್ತ್ರಜ್ಞರಿಗೆ ಪರಿಚಿತವಾಗಿತ್ತು. ಆದರೂ ಒಂದು ಎಚ್ಚರಿಕೆ ಬೇಕು. ಗ್ರಂಥವು ತಿಳಿಸುವುದು ರಾಗದ ಲಕ್ಷಣವನ್ನೇ ಹೊರತು ಈ ಗೀತೆಯ ಧಾಟಿಯನ್ನಲ್ಲ. ಆರೋಹಣದಲ್ಲಿ ಗಾಂಧಾರ ನಿಷಾದಗಳನ್ನೂ, ಅವರೋಹಣದಲ್ಲಿ ನಿಷಾದವನ್ನೂ ಬಿಟ್ಟು ನಡೆಯುವ ಇಂದಿನ ಧಾಟಿ ಗುರುಶಿಷ್ಯರ ಬಾಯಿಂದ ಬಾಯಿಗೆ ಬಂದುದು. ‘ಪಿಳ್ಳಾರಿ’ ಎಂಬ ಹೆಸರು ಗಣಪತಿಯನ್ನು ಹೇಳುವ ತಮಿಳಿನ ‘ಪಿಳ್ಳೈಯಾರ್’ ಶಬ್ದದಿಂದ ಬಂದುದೆನ್ನುತ್ತಾರೆ. ಇದನ್ನು ಒಪ್ಪಿದರೆ, ವಿಜಯನಗರ ಪತನವಾದ 1565ರ ನಂತರ ಈ ಪಾಠಕ್ರಮ ಕಾವೇರಿಯ ದಕ್ಷಿಣದಲ್ಲಿ ಬೆಳೆದುದರ ಕುರುಹು ಆ ಹೆಸರಿನಲ್ಲಿಯೇ ಇದೆ.

ಇಂತಹ ತೊಡಕು ನಮ್ಮ ಸಂಗೀತಕ್ಕೆ ಮಾತ್ರ ಸೇರಿದುದಲ್ಲ. ‘ಮಿಸ್ ಮೆಕ್ಲೌಡ್ಸ್’ ಎಂಬ ರೀಲ್ ಕುಣಿತದ ಧಾಟಿಯನ್ನು ಐರ್ಲೆಂಡಿನ ಪಿಟೀಲುಗಾರರು ತಮ್ಮದೆಂದೇ ನುಡಿಸುತ್ತಾರೆ. ಆದರೆ 1809ರಲ್ಲಿ ಸ್ಕಾಟ್ಲೆಂಡಿನ ಗೌ ಮನೆತನದವರು ಹೊರತಂದ ಸಂಗ್ರಹದಲ್ಲಿ ಅದು ಸ್ಕೈ ದ್ವೀಪದ ಧಾಟಿಯೆಂದು ಅಚ್ಚಾಗಿದೆ. ಅಲ್ಲಿ ತಪ್ಪನ್ನು ತಿದ್ದಲು ಹಳೆಯ ಅಚ್ಚು ಒದಗಿತು. ನಮ್ಮ ಗೀತೆಗೆ ಅಂತಹ ಆಸರೆಯಿಲ್ಲದಿರುವಾಗ ಸಾಹಿತ್ಯದ ಒಳಗಿನ ಸಾಕ್ಷ್ಯಕ್ಕೇ ಹೆಚ್ಚಿನ ಬೆಲೆ ಕೊಡಬೇಕಾಗುತ್ತದೆ.

ಹೀಗಾಗಿ ನಮ್ಮ ಅಭಿಪ್ರಾಯವಿಷ್ಟು: ‘ಕುಂದಗೌರ’ದ ಭಕ್ತಿ ಹಂಪೆಯದೆಂಬುದು ನಿಶ್ಚಿತ, ರಾಗವು ವಿಜಯನಗರದಲ್ಲಿ ತಿಳಿದಿದ್ದುದೆಂಬುದು ಸಿದ್ಧ, ಕರ್ತೃ ಪುರಂದರದಾಸರೆಂಬುದು ಗೌರವಿಸತಕ್ಕ ಸಂಪ್ರದಾಯ, ಆದರೆ ಪ್ರಮಾಣಿತ ಸಂಗತಿಯಲ್ಲ. ಇದರಿಂದ ದಾಸರ ಹಿರಿಮೆಗೆ ಕುಂದೇನೂ ಇಲ್ಲ; ಅಂಕಿತವುಳ್ಳ ಅವರ ಪದಗಳೇ ಅದಕ್ಕೆ ಸಾಕು. ನಿಜವಾದ ನಷ್ಟ ಬೇರೆಡೆ ಇದೆ. ಅರ್ಥ ಹೇಳದೆ ಸ್ವರವನ್ನಷ್ಟೇ ಉರುಹೊಡೆಸುವ ಪಾಠಕ್ರಮದಲ್ಲಿ, ಹೊಸಪೇಟೆಯಲ್ಲಿಯೂ ಕಂಪ್ಲಿಯಲ್ಲಿಯೂ ಈ ಗೀತೆಯನ್ನು ಹಾಡುವ ಮಗುವಿಗೆ ತಾನು ಹೆಸರಿಸುತ್ತಿರುವುದು ತನ್ನೂರಿನ ಸಮೀಪದ ಬಂಡೆಗುಡ್ಡವನ್ನು ಎಂಬುದು ತಿಳಿಯದೆ ಹೋಗಬಹುದು. ಅಧ್ಯಾಪಕರು ಪುಸ್ತಕದ ಮೇಲಿನ ಹೆಸರನ್ನು ಒಪ್ಪಿಸುವ ಮೊದಲು ಗೀತೆಯ ಒಳಗಿನ ಹೆಸರನ್ನು ತೋರಿಸಿಕೊಟ್ಟರೆ, ಸಂಶೋಧನೆಯ ಮೊದಲ ಪಾಠವೂ ಸಂಗೀತದ ಮೊದಲ ಪಾಠದೊಡನೆಯೇ ಆದಂತಾಗುತ್ತದೆ.